ಬಿಚ್ಚಲೆಂದೇ ಹಾಕಿದ ಹೊಲಿಗೆ

ಕಳೆದ ಭಾನುವಾರ ನನ್ನ ಕೆಂಪು ಕರ್ಟಲ್ ಬಿಚ್ಚಿ ಹಾಕಿದೆ. ಐದು ವರ್ಷದ ಹಿಂದೆ ಪೂರ್ತಿ ಕೈಯಲ್ಲೇ ಹೊಲಿದದ್ದು. ಮೇಲೆ ಉಣ್ಣೆ, ಒಳಗೆ ಲಿನನ್ ಲೈನಿಂಗ್. ಎದೆಗೆ ಬಿಗಿಯಾಗಿ ಕೂತು, ಸೊಂಟದಿಂದ ಕೆಳಗೆ ನೆರಿಗೆಯಾಗಿ ಇಳಿಯುವ ಉದ್ದ ಉಡುಪು. ಟ್ಯೂಡರ್ ದೊರೆಗಳ ಇಂಗ್ಲೆಂಡಿನಲ್ಲಿ, ಅಂದರೆ 1485ರಿಂದ 1603ರ ನಡುವೆ, ಹೆಂಗಸರು ಲಿನನ್ ಒಳ ಅಂಗಿಯ ಮೇಲೆ ಇಂಥದ್ದನ್ನು ತೊಡುತ್ತಿದ್ದರು. ನನಗೆ ಅದನ್ನು ಹೊಲಿಯಲು ಮೂರು ತಿಂಗಳು ಹಿಡಿದಿತ್ತು. ಬಿಚ್ಚಲು ಒಂದೂವರೆ ಗಂಟೆ ಸಾಕಾಯಿತು.

ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಅವಳಿಗೀಗ ಹದಿನಾಲ್ಕು. ಈ ಬೇಸಿಗೆಗೆ ಈ ಉಡುಪು ಅವಳದ್ದಾಗಬೇಕು.

"ಅಮ್ಮಾ, ಎಳೆದರೆ ಹಾಗೇ ಬರ್ತಾ ಇದೆಯಲ್ಲ! ಗಟ್ಟಿಯಾಗಿ ಹೊಲಿದಿರಲಿಲ್ವಾ?"

"ಬಿಚ್ಚೋಕೆ ಬರಲಿ ಅಂತಾನೇ ಹಾಗೆ ಹೊಲಿದಿದ್ದು ಕಣೇ."

ಅವಳಿಗೆ ಅರ್ಥವಾಗಲಿಲ್ಲ. ನನಗೂ ಇದು ಅರ್ಥವಾಗಲು ಎರಡು ವರ್ಷ ಬೇಕಾಗಿತ್ತು. ಅದನ್ನೇ ಇವತ್ತು ಬರೆಯೋಣ ಅಂತ ಕೂತಿದ್ದೇನೆ.

ಈ ಹಳೆಯ ಕಾಲದ ಹೊಲಿಗೆಯ ಹುಚ್ಚು ಶುರುವಾದದ್ದು ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ. ನಾವಿರುವುದು ಅದೇ ಊರಿನಲ್ಲಿ. ಮನೆಯಿಂದ ಸೌತ್‌ಸೀ ಕೋಟೆಗೆ ನಡೆದು ಹೋಗಬಹುದು. 1545ರ ಜುಲೈ 19ರಂದು ಎಂಟನೇ ಹೆನ್ರಿ ಅಲ್ಲಿ ನಿಂತಿದ್ದಾಗ, ಅವನ ಕಣ್ಣೆದುರೇ ಮೇರಿ ರೋಸ್ ಹಡಗು ಮುಳುಗಿತು. 1982ರಲ್ಲಿ ಅದನ್ನು ಸಮುದ್ರದಿಂದ ಮೇಲೆತ್ತಿದರು. ಈಗ ಹಡಗುಕಟ್ಟೆಯ ಮ್ಯೂಸಿಯಂನಲ್ಲಿ ಅದರ ಅರ್ಧ ಒಡಲು ಇದೆ. ಅದರ ಜೊತೆ ಸತ್ತವರ ಬಟ್ಟೆ, ಚಪ್ಪಲಿ, ಬಾಚಣಿಗೆ, ಬಟ್ಟಲು ಎಲ್ಲ ಇವೆ. ಮಗಳನ್ನು ಕರೆದುಕೊಂಡು ಮೊದಲ ಸಲ ಹೋದಾಗ ಅವಳು ಫಿರಂಗಿಗಳ ಹತ್ತಿರ ಓಡಿದಳು. ನಾನು ಬಟ್ಟೆಯ ಮುಂದೆ ನಿಂತುಬಿಟ್ಟೆ.

ಅಲ್ಲಿ ತೋಳಿಲ್ಲದ ಚರ್ಮದ ಜಾಕೆಟ್‌ಗಳಿವೆ, ಉಣ್ಣೆಯ ತುಂಡುಗಳಿವೆ. ಹಡಗಿನ ವೈದ್ಯ ತಲೆಗೆ ಹಾಕುತ್ತಿದ್ದ ರೇಷ್ಮೆ ಮಖಮಲ್ಲಿನ ಟೋಪಿ ಇದೆ. ಉಣ್ಣೆ, ರೇಷ್ಮೆ, ಚರ್ಮ ಇವೆಲ್ಲ ಪ್ರಾಣಿಯಿಂದ ಬಂದವು. ಕೆಸರಿನಲ್ಲಿ 437 ವರ್ಷ ಹೂತಿದ್ದರೂ ಉಳಿದುಕೊಂಡವು. ಲಿನನ್ ಗಿಡದ ನಾರು. ಅದು ಕರಗಿ ಹೋಗಿದೆ. ಹೊಲಿದದ್ದು ಲಿನನ್ ದಾರದಲ್ಲಾದರೆ ಆ ದಾರವೂ ಇಲ್ಲ. ಅಂಚಿನುದ್ದಕ್ಕೂ ಸೂಜಿ ಹೋಗಿ ಬಂದ ತೂತುಗಳು ಮಾತ್ರ ಉಳಿದಿವೆ. ಒಂದರ ಪಕ್ಕ ಒಂದು, ಸಾಲಾಗಿ. ಕೆಲವು ಕಡೆ ಒತ್ತೊತ್ತಾಗಿ, ಕೆಲವು ಕಡೆ ಸ್ವಲ್ಪ ದೂರ ದೂರ. ಯಾರೋ ಒಬ್ಬರು ಕೂತು ಹಾಕಿದ್ದು. ಅವರ ಹೆಸರು ಎಲ್ಲೂ ಇಲ್ಲ. ಗಾಜಿನ ಈಚೆಯಿಂದ ಆ ತೂತುಗಳನ್ನು ಎಣಿಸುತ್ತಾ ನಿಂತಿದ್ದೆ. ಅವರ ಹಾಗೆ ಹೊಲಿದು ನೋಡಬೇಕು ಅನ್ನಿಸಿತು. ಮೆಷಿನ್ ಮುಟ್ಟದೆ.

ರಾಣಿಯರ ಉಡುಪು ಹೊಲಿಯುವ ಆಸೆ ನನಗೆ ಯಾವತ್ತೂ ಬರಲಿಲ್ಲ. ಚಿತ್ರಗಳಲ್ಲಿ ಕಾಣುವುದೆಲ್ಲ ರಾಣಿಯರೇ. ಊರಿನ ಹೆಂಗಸನ್ನು ಕೂರಿಸಿ ಚಿತ್ರ ಬರೆಸುವವರು ಯಾರಿದ್ದರು? ಅವಳು ಏನು ಉಡುತ್ತಿದ್ದಳು ಅಂತ ತಿಳಿಯಬೇಕಾದರೆ ಉಯಿಲುಗಳನ್ನು ಓದಬೇಕು. ಸಾಯುವ ಮುಂಚೆ "ನನ್ನ ಒಳ್ಳೆಯ ಗೌನು ತಂಗಿಗೆ, ಕೆಂಪು ಪೆಟಿಕೋಟು ಮಗಳಿಗೆ" ಅನ್ನುವ ಧಾಟಿಯಲ್ಲಿ ಬರೆಸಿಟ್ಟ ಉಯಿಲುಗಳು. ಅಚ್ಚು ಹಾಕಿದ ಸಂಗ್ರಹಗಳು ಲೈಬ್ರರಿಯಲ್ಲಿ ಸಿಗುತ್ತವೆ. ಕೆಂಪು ಪೆಟಿಕೋಟು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆಗ ಪೆಟಿಕೋಟು ಒಳಗೆ ಮುಚ್ಚಿಡುವ ಬಟ್ಟೆಯಾಗಿರಲಿಲ್ಲ, ಎಲ್ಲರಿಗೂ ಕಾಣುವ ಲಂಗವೇ ಆಗಿತ್ತು. ಮೈಗೆ ಕೆಂಪು ತಾಗಿದ್ದರೆ ಆರೋಗ್ಯ ಅನ್ನುವ ನಂಬಿಕೆಯೂ ಇತ್ತು. ಬಣ್ಣ ಬರುತ್ತಿದ್ದದ್ದು ಮ್ಯಾಡರ್ ಗಿಡದ ಬೇರಿನಿಂದ. ಅದು ನಮ್ಮ ಮಂಜಿಷ್ಠದ ಜಾತಿಯದೇ ಗಿಡ.

ಯಾರು ಏನು ತೊಡಬಹುದು ಅಂತ ಕಾನೂನೂ ಇತ್ತು. 1533ರ ಕಾಯ್ದೆಯ ಪ್ರಕಾರ ನೇರಳೆ ರೇಷ್ಮೆ ರಾಜಮನೆತನಕ್ಕೆ ಮೀಸಲು. ಇಂಥ ಕಾನೂನುಗಳನ್ನು ಕಿತ್ತುಹಾಕಿದ್ದು 1604ರಲ್ಲಿ. ಇನ್ನೊಂದು ಕಾಯ್ದೆ 1571ರದ್ದು. ದೊಡ್ಡ ಮನೆತನದವರನ್ನು ಬಿಟ್ಟು, ಆರು ವರ್ಷ ದಾಟಿದವರು ಭಾನುವಾರ ಮತ್ತು ಹಬ್ಬದ ದಿನ ಇಂಗ್ಲೆಂಡಿನಲ್ಲೇ ಹೆಣೆದ ಉಣ್ಣೆಯ ಟೋಪಿ ಹಾಕಬೇಕು. ಹಾಕದಿದ್ದರೆ ದಿನಕ್ಕೆ 3 ಶಿಲಿಂಗ್ 4 ಪೆನ್ಸ್ ದಂಡ. ಟೋಪಿ ಹೆಣೆಯುವವರ ಹೊಟ್ಟೆಪಾಡಿಗಾಗಿ ಮಾಡಿದ ಕಾನೂನು ಅದು. 1597ರವರೆಗೆ ಜಾರಿಯಲ್ಲಿತ್ತು.

ನಾನು ಮೊದಲು ಹೊಲಿದದ್ದು ಸ್ಮಾಕ್. ಮೈಗೆ ತಾಗಿಕೊಂಡಿರುವ ಲಿನನ್ ಅಂಗಿ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದೂ ಇದನ್ನೇ. ದಯವಿಟ್ಟು ಸ್ಮಾಕ್‌ನಿಂದ ಶುರು ಮಾಡಿ. ಮೇಲಿನ ಗೌನು ಎಷ್ಟೇ ಚೆನ್ನಾಗಿರಲಿ, ಒಳಗೆ ಇವತ್ತಿನ ಟೀ ಶರ್ಟ್ ಇದ್ದರೆ ಅದು ಮೈಮೇಲೆ ಸರಿಯಾಗಿ ಕೂರುವುದೇ ಇಲ್ಲ.

ಸ್ಮಾಕ್‌ನ ತುಂಡುಗಳಲ್ಲಿ ಬಾಗಿದ ಗೆರೆ ಇಲ್ಲವೇ ಇಲ್ಲ ಅನ್ನಬಹುದು. ಎಲ್ಲ ಆಯತ, ಚೌಕ, ತ್ರಿಕೋನ. ಆಗ ಲಿನನ್ ಅಗಲ ಕಡಿಮೆ ಇರುತ್ತಿತ್ತು. ನೂಲುವುದು, ನೇಯುವುದು ಎಲ್ಲ ಕೈಯಲ್ಲಿ. ಹಾಗಾಗಿ ಒಂದು ಚೂರೂ ದಂಡವಾಗಬಾರದು. ಮೈಗೆ ಒಂದು ಉದ್ದ ತುಂಡು, ತೋಳಿಗೆ ಎರಡು ಆಯತ. ಕಂಕುಳಲ್ಲಿ ಕೂರಲು ಎರಡು ಪುಟ್ಟ ಚೌಕ. ಕೆಳಗೆ ಅಗಲ ಬರಲಿ ಅಂತ ಪಕ್ಕಕ್ಕೆ ತ್ರಿಕೋನದ ತುಂಡು, ನಮ್ಮ ಟೈಲರ್‌ಗಳು ಕಲಿ ಅನ್ನುತ್ತಾರಲ್ಲ, ಅದೇ. ಕಂಕುಳಿನ ಆ ಚೌಕವನ್ನು ನೋಡಿದರೆ ಏನೂ ಅನ್ನಿಸುವುದಿಲ್ಲ. ಆದರೆ ಅದಿಲ್ಲದೆ ಹೊಲಿದರೆ ಕೈ ಎತ್ತಿದಾಗ ಇಡೀ ಅಂಗಿ ಮೇಲೆ ಬರುತ್ತದೆ. ಅದಿದ್ದರೆ ಬರೀ ಕೈ ಮಾತ್ರ ಮೇಲೆ ಹೋಗುತ್ತದೆ. ದಿನವಿಡೀ ಹಿಟ್ಟು ನಾದುವ, ನೀರು ಹೊರುವ ಹೆಂಗಸಿಗೆ ಬೇಕಾದದ್ದೇ ಅದು.

ಕತ್ತರಿಸುವ ಮುಂಚೆ ಲಿನನ್ ಅನ್ನು ಬಿಸಿನೀರಿನಲ್ಲಿ ಒಗೆಯಬೇಕು. ಆಮೇಲೆ ಕುಗ್ಗಿದರೆ ಮಾಡಿದ ಕೆಲಸವೆಲ್ಲ ಹಾಳು. ನೇರ ಕತ್ತರಿಸಲು ಸ್ಕೇಲು ಬೇಕಿಲ್ಲ. ಅಂಚಿನಲ್ಲಿ ಚಿಕ್ಕ ಕಚ್ಚು ಹಾಕಿ, ನೇಯ್ಗೆಯಿಂದ ಒಂದೇ ಒಂದು ಎಳೆಯನ್ನು ಮೆಲ್ಲಗೆ ಎಳೆದು ತೆಗೆಯಬೇಕು. ಅದು ಬಿಟ್ಟುಹೋದ ಜಾಗದಲ್ಲಿ ಕೂದಲಿನಷ್ಟು ತೆಳುವಾದ ದಾರಿ ಕಾಣುತ್ತದೆ. ಅದರ ಮೇಲೆ ಕತ್ತರಿ ಹಾಕಿದರೆ ಆಯಿತು. ಬಟ್ಟೆಯೇ ಗೆರೆ ಹಾಕಿಕೊಡುತ್ತದೆ. ಅವಸರ ಮಾಡಿದರೆ ಎಳೆ ನಡುವೆ ತುಂಡಾಗುತ್ತದೆ. ಆಗ ಮತ್ತೆ ಸೂಜಿ ಮೊನೆಯಲ್ಲಿ ಅದರ ತುದಿ ಹುಡುಕಬೇಕು. ಈ ಕೆಲಸ ನನಗೆ ಎಷ್ಟು ಇಷ್ಟವೆಂದರೆ ಬೇರೆಯವರ ಲಿನನ್‌ಗೂ ನಾನೇ ಎಳೆ ಎಳೆದು ಕೊಟ್ಟಿದ್ದೇನೆ.

ದಾರವೂ ಲಿನನ್ನೇ. ಸೂಜಿಗೆ ಏರಿಸುವ ಮುಂಚೆ ಜೇನುಮೇಣದ ಮೇಲೆ ಎರಡು ಸಲ ಎಳೆದುಕೊಳ್ಳುತ್ತೇನೆ. ಇಲ್ಲದಿದ್ದರೆ ಸಿಕ್ಕು ಬೀಳುತ್ತದೆ, ಎಳೆ ಸವೆದು ತುಂಡಾಗುತ್ತದೆ. ಮೊಣಕೈ ಉದ್ದಕ್ಕಿಂತ ಸ್ವಲ್ಪ ಜಾಸ್ತಿ ದಾರ ಸಾಕು. ಎರಡು ಅಂಚು ಸೇರಿಸಿ ಒಂದು ಸಲ ಹೊಲಿದು, ಒಂದು ಬದಿಯ ಅಂಚನ್ನು ಅರ್ಧಕ್ಕೆ ಕತ್ತರಿಸಿ, ಇನ್ನೊಂದನ್ನು ಅದರ ಮೇಲೆ ಮಡಿಚಿ, ಚಪ್ಪಟೆಯಾಗಿ ಹೆಮ್ಮಿಂಗ್ ಮಾಡಬೇಕು. ಆಗ ಬಟ್ಟೆಯ ಹಸಿ ಅಂಚು ಎಲ್ಲೂ ಹೊರಗೆ ಕಾಣುವುದಿಲ್ಲ. ಪ್ರತಿ ಜೋಡಣೆಯನ್ನೂ ಎರಡು ಸಲ ಹೊಲಿದ ಹಾಗೆ. ನನ್ನ ಸ್ಮಾಕ್‌ನಲ್ಲಿ ಒಟ್ಟು ಹೊಲಿಗೆ ಸುಮಾರು 17 ಮೀಟರ್ ಆಯಿತು. ಸೆಂಟಿಮೀಟರಿಗೆ ನಾಲ್ಕು ಅಂದರೂ 6,800 ಹೊಲಿಗೆ. ಕೆಲಸಕ್ಕೆ ಹೋಗಿ ಬರುವ ರೈಲಿನಲ್ಲೇ ಬಹುಪಾಲು ಮುಗಿಸಿದೆ. ಪೋರ್ಟ್ಸ್‌ಮತ್‌ನಿಂದ ಸೌತಾಂಪ್ಟನ್‌ಗೆ ಹೆಚ್ಚೂಕಮ್ಮಿ ಮುಕ್ಕಾಲು ಗಂಟೆ. ಎದುರು ಕೂತವರು ಕೇಳುತ್ತಾರೆ. ನಾನು ಹೇಳುತ್ತೇನೆ. ಒಬ್ಬ ಅಜ್ಜಿ, ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕುವ ತನ್ನ ಹಳೆಯ ಬೆಳ್ಳಿಯ ಥಿಂಬಲ್ ಅನ್ನು ಮಾರನೇ ವಾರ ತಂದು ನನ್ನ ಕೈಗಿಟ್ಟರು. ಈಗಲೂ ಅದನ್ನೇ ಹಾಕಿಕೊಳ್ಳುತ್ತೇನೆ.

ಇಷ್ಟು ಚಿಕ್ಕ, ಇಷ್ಟು ಗಟ್ಟಿ ಹೊಲಿಗೆ ಯಾಕೆ? ಒಗೆಯುವುದಕ್ಕಾಗಿ. ಬೂದಿ ನೀರಿನಲ್ಲಿ ನೆನೆಸಿ, ಮರದ ಹಲಗೆಯಿಂದ ಬಡಿದು, ಬಿಸಿಲಿಗೆ ಹುಲ್ಲಿನ ಮೇಲೆ ಹರಡುತ್ತಿದ್ದರು. ಮೇಲಿನ ಉಣ್ಣೆಯ ಉಡುಪನ್ನು ಹೀಗೆ ಒಗೆಯುತ್ತಿರಲಿಲ್ಲ, ಬ್ರಷ್ ಮಾಡುತ್ತಿದ್ದರು. ಬೆವರು, ಕೊಳೆ ಎಲ್ಲ ಹೀರುವ ಕೆಲಸ ಲಿನನ್‌ನದ್ದು. ಹಾಗಾಗಿ ಲಿನನ್ ಹೊಲಿಗೆ ಬಟ್ಟೆ ಹರಿಯುವವರೆಗೂ ಬಿಡಬಾರದು. ಈ ಕೆಲಸ ಬಹುಪಾಲು ಹೆಂಗಸರದ್ದು. ಮನೆಯಲ್ಲೂ ಅವರೇ, ಹಣಕ್ಕೆ ಹೊಲಿದುಕೊಡುವವರೂ ಅವರೇ. ಅಮ್ಮ ಸೀರೆಗೆ ಫಾಲ್ ಹಚ್ಚುವಾಗ ನನಗೆ ಹೆಮ್ಮಿಂಗ್ ಕಲಿಸಿದ್ದರು. "ಮೇಲಿಂದ ಸೂಜಿ ಹೋಗಿದ್ದು ಕಾಣಬಾರದು, ಒಂದೇ ಎಳೆ ಹಿಡಿ" ಅನ್ನುತ್ತಿದ್ದರು. ಅದೇ ಮಾತು ಇಲ್ಲಿಗೂ ಬಂತು.

ಸ್ಮಾಕ್ ಆದ ಮೇಲೆ ಕಾಯ್ಫ್. ತಲೆಗೆ ಕಟ್ಟುವ ಪುಟ್ಟ ಲಿನನ್ ಟೋಪಿ. ನನ್ನದು 42 ಸೆಂಟಿಮೀಟರ್ ಅಗಲ, 23 ಎತ್ತರದ ಒಂದೇ ತುಂಡು. ಮಧ್ಯಕ್ಕೆ ಮಡಿಚಿ ನೆತ್ತಿಯ ಮೇಲೆ ಹೊಲಿಯಬೇಕು. ಹಿಂದಿನ ಕೊನೆಯಲ್ಲಿ ನಾಲ್ಕು ಬೆರಳಿನಷ್ಟು ಬಿಟ್ಟು, ಅದನ್ನು ದಾರದಲ್ಲಿ ಸುರುಳಿಯಾಗಿ ಎಳೆದರೆ ಚಿಕ್ಕ ಹೂವಿನ ಹಾಗೆ ನೆರಿಗೆ ಕೂಡುತ್ತದೆ. ಕತ್ತಿನ ಅಂಚಿಗೆ ಲಾಡಿ. ಆ ಲಾಡಿಯನ್ನು ತಲೆಯ ಸುತ್ತ ತಂದು ಕಟ್ಟಿದರೆ ಕೂದಲು ಒಂದೂ ಹೊರಗೆ ಬರುವುದಿಲ್ಲ. ಒಂದು ಸಂಜೆಗೆ ಮುಗಿಯುವ ಕೆಲಸ. ಆದರೆ ನಾನು ಅದರ ಮೇಲೆ ಕಪ್ಪು ರೇಷ್ಮೆಯ ಕಸೂತಿ ಹಾಕಲು ಹೋಗಿ ನಾಲ್ಕು ತಿಂಗಳು ಕೂತೆ.

ಬಿಳಿ ಲಿನನ್ ಮೇಲೆ ಕಪ್ಪು ರೇಷ್ಮೆ. ಇಲ್ಲಿ ಇದಕ್ಕೆ ಬ್ಲ್ಯಾಕ್‌ವರ್ಕ್ ಅನ್ನುತ್ತಾರೆ. ಹಾನ್ಸ್ ಹೋಲ್‌ಬೈನ್ ಬರೆದ ಜೇನ್ ಸೀಮೋರ್ ರಾಣಿಯ ಚಿತ್ರದಲ್ಲಿ ಮುಂಗೈಯನ್ನು ನೋಡಬೇಕು. ಆ ಚಿತ್ರ ಈಗ ವಿಯೆನ್ನಾದಲ್ಲಿದೆ. ತೋಳಿನ ತುದಿಯಲ್ಲಿ ನೆರಿಗೆಯಾಗಿ ಬಿದ್ದಿರುವ ಲಿನನ್ ಮೇಲೆ ಕಪ್ಪು ಎಳೆ ಒಂದೊಂದೂ ಕಾಣುತ್ತದೆ. ನೆರಿಗೆ ಅಂದರೆ ಒಳಮೈ, ಹೊರಮೈ ಎರಡೂ ಕಾಣುವ ಜಾಗ. ಹಾಗಾಗಿ ಎರಡೂ ಕಡೆ ಒಂದೇ ರೀತಿ ಇರಬೇಕು. ಒಂದು ಎಳೆ ಮೇಲೆ, ಒಂದು ಕೆಳಗೆ ಅಂತ ಹೋಗಿ, ವಾಪಸ್ ಬರುವಾಗ ಬಿಟ್ಟ ಜಾಗಗಳನ್ನು ತುಂಬಿಕೊಂಡು ಬರುವುದು. ಆ ಚಿತ್ರಕಾರನ ಹೆಸರನ್ನೇ ಹೊಲಿಗೆಗೆ ಇಟ್ಟು ಹೋಲ್‌ಬೈನ್ ಸ್ಟಿಚ್ ಅನ್ನುತ್ತಾರೆ.

ಇದನ್ನು ಮೊದಲ ಸಲ ನೋಡಿದಾಗ ಕಣ್ಣು ಒದ್ದೆಯಾಯಿತು. ಇದು ಗವಂತಿ! ನಮ್ಮ ಧಾರವಾಡದ ಕಸೂತಿಯ ಗವಂತಿ. ಗಂಟು ಹಾಕಬಾರದು, ಹೋದ ದಾರಿಯಲ್ಲೇ ವಾಪಸ್ ಬರಬೇಕು, ಹಿಂದು ಮುಂದು ಒಂದೇ ಆಗಿರಬೇಕು. ಇಲ್ಲಿಂದ ಅಲ್ಲಿಗೆ ಹೋಯಿತು, ಅಲ್ಲಿಂದ ಇಲ್ಲಿಗೆ ಬಂತು ಅಂತ ಕತೆ ಕಟ್ಟಲು ನಾನು ಹೋಗುವುದಿಲ್ಲ. ಎಳೆ ಎಣಿಸಿ ಹೊಲಿಯುವ ಕೈಗಳು ಎಲ್ಲಿದ್ದರೂ ಈ ದಾರಿಯನ್ನು ಕಂಡುಕೊಳ್ಳುತ್ತವೆ ಅಂತ ನನ್ನ ನಂಬಿಕೆ.

ಆ ಕಾಲದ ಕಪ್ಪು ಬಣ್ಣಕ್ಕೆ ಕಬ್ಬಿಣದ ಉಪ್ಪು ಹಾಕುತ್ತಿದ್ದರು. ಕಬ್ಬಿಣ ಮೆಲ್ಲಮೆಲ್ಲಗೆ ರೇಷ್ಮೆಯನ್ನು ತಿಂದುಬಿಡುತ್ತದೆ. ಹಾಗಾಗಿ ಹಳೆಯ ಕಾಯ್ಫ್‌ಗಳಲ್ಲಿ ಎಷ್ಟೋ ಕಡೆ ಲಿನನ್ ಇದೆ, ರೇಷ್ಮೆ ಇಲ್ಲ. ಸಮುದ್ರದಲ್ಲಿ ಆದದ್ದಕ್ಕೆ ತಿರುಗಾಮುರುಗಾ. ಇಲ್ಲೂ ಮತ್ತೆ ತೂತುಗಳು. ಕೆಳಗೆ ಶಾಯಿಯಲ್ಲಿ ಬರೆದಿದ್ದ ಗೆರೆ, ಅದರ ಮೇಲೆ ಸೂಜಿಯ ಸಾಲು.

ಈಗ ಉಣ್ಣೆಯ ವಿಷಯಕ್ಕೆ ಬರುತ್ತೇನೆ. ಕರ್ಟಲ್‌ಗೆ ಮೊದಲು ತರಿಸಿದ ಬಟ್ಟೆಯಲ್ಲಿ ಮೋಸ ಹೋದೆ. ಆನ್‌ಲೈನ್ ಅಂಗಡಿಯೊಂದು ನೂರಕ್ಕೆ ನೂರು ಉಣ್ಣೆ ಅಂತ ಬರೆದಿತ್ತು. ಮುಟ್ಟಿದಾಗ ಅನುಮಾನ ಬಂತು. ಅಂಚಿನಿಂದ ನಾಲ್ಕು ಎಳೆ ಕಿತ್ತು ಮೇಣದ ಬತ್ತಿಗೆ ಹಿಡಿದೆ. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿಯನ್ನು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ನನ್ನದು ಕರಗಿ ಗಟ್ಟಿ ಮಣಿಯಾಯಿತು. ಪ್ಲಾಸ್ಟಿಕ್ ವಾಸನೆ. ಹಣ ವಾಪಸ್ ಬರಲು ಆರು ವಾರ ಹಿಡಿಯಿತು. ಅವತ್ತಿನಿಂದ ಮೊದಲು ಅಂಗೈಯಷ್ಟು ಸ್ಯಾಂಪಲ್ ತರಿಸಿ, ಸುಟ್ಟು ನೋಡಿಯೇ ಕೊಳ್ಳುವುದು. ಒಳ್ಳೆಯದು ಸಿಕ್ಕಿದಾಗ ಮೀಟರಿಗೆ 38 ಪೌಂಡ್ ಕೊಟ್ಟೆ. ನಾಲ್ಕು ಮೀಟರ್ ಬೇಕಾಯಿತು.

152 ಪೌಂಡ್ ಕೊಟ್ಟ ಬಟ್ಟೆಗೆ ಕತ್ತರಿ ಹಾಕುವಾಗ ಕೈ ನಡುಗಿತು. ಆಗ ತಲೆಗೆ ಹೊಳೆದದ್ದು ಇಷ್ಟು. ಅವತ್ತಿನವರಿಗೂ ಹೀಗೇ, ಇನ್ನೂ ಜಾಸ್ತಿಯೇ ಆಗಿರಬೇಕು. ಆ ಕಾಲದಲ್ಲಿ ಬಟ್ಟೆಯ ಬೆಲೆಯ ಮುಂದೆ ಹೊಲಿಗೆಯ ಕೂಲಿ ಏನೇನೂ ಅಲ್ಲ. ಗೌನು ಅಂದರೆ ಆಸ್ತಿ. ಅದಕ್ಕೇ ಉಯಿಲಿನಲ್ಲಿ ಬರೆಸುತ್ತಿದ್ದದ್ದು. ಹಾಗಿದ್ದಮೇಲೆ ಆ ಬಟ್ಟೆ ಒಂದೇ ಮೈಗೆ, ಒಂದೇ ಆಕಾರಕ್ಕೆ ಅಂಟಿಕೊಂಡು ಮುಗಿದುಹೋಗುವಂತಿಲ್ಲ. ಬಸಿರಿಗೆ ಸಡಿಲ ಮಾಡಬೇಕು. ಸವೆದ ಮೊಣಕೈ ಬದಲಿಸಬೇಕು. ತಾಯಿಯದ್ದು ಮಗಳಿಗೆ, ಮಗಳದ್ದು ಮಗುವಿಗೆ ಆಗಬೇಕು. ಮೊದಲನೇ ಎಲಿಜಬೆತ್ ರಾಣಿಯ ಉಡುಪಿನ ಲೆಕ್ಕದ ಪುಸ್ತಕಗಳಲ್ಲೂ ಹೊಸದು ಹೊಲಿದದ್ದರ ಜೊತೆಗೆ ಹಳೆಯದನ್ನು ಬಿಚ್ಚಿ ತಿದ್ದಿದ್ದು, ಹೊಸ ತೋಳು ಹಚ್ಚಿದ್ದು ತುಂಬಿಕೊಂಡಿದೆ.

ಮೇಲುಡುಪು ಹೊಲಿಯುವವರು ಟೈಲರ್‌ಗಳು, ಗಂಡಸರು. ಅವರ ಹೊಲಿಗೆ ಸ್ಮಾಕ್‌ನ ಹೊಲಿಗೆಯ ಹಾಗಿರುವುದಿಲ್ಲ. ಎಳೆತ ಬೀಳುವ ಕಡೆ, ಅಂದರೆ ಸೊಂಟದಲ್ಲಿ, ಲಾಡಿ ಕಟ್ಟುವ ಅಂಚಿನಲ್ಲಿ ಬ್ಯಾಕ್ ಸ್ಟಿಚ್, ಅಂದರೆ ಪ್ರತಿ ಸಲ ಒಂದು ಹೆಜ್ಜೆ ಹಿಂದೆ ಬಂದು ಮುಂದೆ ಹೋಗುವ ಗಟ್ಟಿ ಹೊಲಿಗೆ. ಉಳಿದ ಕಡೆ ಸರಳವಾಗಿ ಓಡಿಸಿಕೊಂಡು ಹೋದ ದೊಡ್ಡ ದೊಡ್ಡ ಹೊಲಿಗೆ. ಮೊದಮೊದಲು ಹಳೆಯ ಉಡುಪುಗಳ ಹತ್ತಿರದ ಫೋಟೋ ನೋಡಿದಾಗ ನನಗೆ ಬೇಸರವಾಗಿತ್ತು. ಮೇಲೆ ಇಷ್ಟು ಚಂದದ ರೇಷ್ಮೆ, ಒಳಗೆ ಇಷ್ಟು ಅವಸರದ ಕೆಲಸವಾ ಅಂತ. ನನ್ನ ಮೊದಲ ಉಣ್ಣೆಯ ಪೆಟಿಕೋಟನ್ನು ಸ್ಮಾಕ್‌ನ ಹಾಗೇ ಪುಟ್ಟ ಪುಟ್ಟ ಹೊಲಿಗೆಯಲ್ಲಿ ಹೊಲಿದೆ. ಅದು ಮುಗಿದ ಮೇಲೆ ನೆರಿಗೆ ಹೆಚ್ಚುಕಮ್ಮಿಯಾಗಿದ್ದು ಕಾಣಿಸಿತು. ಬಿಚ್ಚಲು ಕೂತೆ. ಎರಡು ದಿನ ಒದ್ದಾಡಿದೆ. ಮೂರು ಕಡೆ ಉಣ್ಣೆಯನ್ನೇ ಕತ್ತರಿಸಿಬಿಟ್ಟೆ. ಆಗ ಗೊತ್ತಾಯಿತು ಆ ಟೈಲರ್‌ಗಳು ಅವಸರ ಮಾಡಿರಲಿಲ್ಲ ಅಂತ. ಅವರು ಮುಂದೆ ಬಿಚ್ಚುವವರ ಬಗ್ಗೆ ಯೋಚಿಸಿ ಹೊಲಿದಿದ್ದರು. ದಾರ ಬಟ್ಟೆಗಿಂತ ಮುಂಚೆ ಸೋಲಬೇಕು.

ಕರ್ಟಲ್ ಹೊಲಿಯುವಾಗ ಹಾಗೇ ಮಾಡಿದೆ. ಸೆಂಟಿಮೀಟರಿಗೆ ಎರಡು, ಹೆಚ್ಚೆಂದರೆ ಮೂರು. ಜೋಡಣೆಯ ಒಳಗೆ ಎರಡು ಬೆರಳಿನಷ್ಟು ಬಟ್ಟೆ ಬಿಟ್ಟೆ. ಒಳ್ಳೆಯ ಬ್ರಾಡ್‌ಕ್ಲಾತ್ ಉಣ್ಣೆಯನ್ನು ನೇಯ್ದ ಮೇಲೆ ನೀರಿನಲ್ಲಿ ತುಳಿದು ಬಡಿದು ಒತ್ತಾಗಿಸಿರುತ್ತಾರೆ. ಕತ್ತರಿಸಿದರೂ ಅದರ ಎಳೆ ಬಿಡುವುದಿಲ್ಲ. ಹಾಗಾಗಿ ಅಂಚು ಮಡಿಚಬೇಕೆಂದೇ ಇಲ್ಲ.

ಲಾಡಿಯ ತೂತುಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ತೂತಿನ ಅಂಚಿಗೆ ಕೂರಿಸಲು ಈಗ ಸಿಗುವ ಪುಟ್ಟ ಲೋಹದ ಬಳೆಗಳು 19ನೇ ಶತಮಾನದವು. ಆಗ ತೂತನ್ನೂ ದಾರದಲ್ಲೇ ಮಾಡುತ್ತಿದ್ದರು. ಕತ್ತರಿಯಲ್ಲಿ ತೂತು ಮಾಡಬಾರದು. ಎಳೆ ತುಂಡಾದರೆ ಲಾಡಿ ಬಿಗಿದಾಗ ಹರಿಯುತ್ತದೆ. ದಬ್ಬಳದಂಥ ಮೊನಚು ಕಡ್ಡಿಯನ್ನು ತಿರುಗಿಸುತ್ತಾ ಒತ್ತಿ, ಎಳೆಗಳನ್ನು ಪಕ್ಕಕ್ಕೆ ಸರಿಸಿ, ಸುತ್ತಲೂ ಇಪ್ಪತ್ತು ಹೊಲಿಗೆ ಹಾಕಿ ಬಿಗಿಯಬೇಕು. ಒಂದಕ್ಕೆ ಹತ್ತು ನಿಮಿಷ, ನನ್ನ ಕರ್ಟಲ್‌ಗೆ 24. ಎರಡು ಕಡೆಯ ತೂತುಗಳು ಎದುರುಬದುರು ಇರಬಾರದು. ಒಂದು ಕಡೆಯದ್ದು ಇನ್ನೊಂದು ಕಡೆಯ ಎರಡರ ನಡುವೆ ಬರಬೇಕು. ಯಾಕೆಂದರೆ ಲಾಡಿ ಒಂದೇ. ಬೂಟಿನ ಹಾಗೆ ಅಡ್ಡಡ್ಡ ಹೋಗದೆ ಸುರುಳಿಯಾಗಿ ಮೇಲೆ ಏರುತ್ತದೆ. ಎದುರುಬದುರು ಇಟ್ಟರೆ ಒಂದು ಪಕ್ಕ ಇನ್ನೊಂದಕ್ಕಿಂತ ಒಂದು ಬೆರಳು ಮೇಲೆ ನಿಲ್ಲುತ್ತದೆ. ನನಗೆ ಹಾಗಾಗಿ 24ನ್ನೂ ಮತ್ತೆ ಹಾಕಿದ್ದೇನೆ.

ಲಾಡಿಯನ್ನು ಹೆಣೆದದ್ದು ಮಗಳು. ಬೆರಳಿಗೆ ಐದು ಕುಣಿಕೆ ಹಾಕಿಕೊಂಡು, ಒಂದರೊಳಗಿಂದ ಇನ್ನೊಂದನ್ನು ತೆಗೆಯುತ್ತಾ ಹೋಗುವುದು. ಯಾವ ಸಾಧನವೂ ಬೇಡ. ಅವಳಿಗೆ ಆಗ ಒಂಬತ್ತು ವರ್ಷ. ಬಾಗಿಲ ಹಿಡಿಕೆಗೆ ತುದಿ ಕಟ್ಟಿ, ಹಿಂದಕ್ಕೆ ಹಿಂದಕ್ಕೆ ಹೋಗುತ್ತಾ ಅಡುಗೆ ಮನೆಯವರೆಗೆ ಹೋದಳು. ತುದಿಗೆ ತೆಳು ಹಿತ್ತಾಳೆ ತಗಡನ್ನು ಸುರುಳಿ ಸುತ್ತಿ ಏಗ್ಲೆಟ್ ಮಾಡಿದೆವು. ಎರಡು ಮೀಟರ್ ಲಾಡಿ, ಇವತ್ತಿಗೂ ಒಂದು ಎಳೆ ಹೋಗಿಲ್ಲ.

ಕತ್ತಿನ ಸುತ್ತ ನಿಲ್ಲುವ ರಫ್ ಒಂದನ್ನೂ ಮಾಡಿದ್ದೆ. ಮೂರು ಮೀಟರ್ ಪಟ್ಟಿಯನ್ನು ಕತ್ತಿನಷ್ಟಕ್ಕೆ ನೆರಿಗೆ ಹಿಡಿಯುವುದು. ಹೊಲಿಗೆ ಸುಲಭ, ಗಂಜಿಯೇ ಕಷ್ಟ. 1564ರಲ್ಲಿ ಲಂಡನ್ನಿಗೆ ಬಂದ ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ) ಕಡೆಯ ಹೆಂಗಸೊಬ್ಬರು ಗಂಜಿ ಹಾಕುವುದನ್ನು ಹಣಕ್ಕೆ ಕಲಿಸುತ್ತಿದ್ದರಂತೆ. ಅಷ್ಟು ಬೆಲೆ ಇತ್ತು ಆ ವಿದ್ಯೆಗೆ. ಒಂದು ಮಳೆ ಹನಿ ಬಿದ್ದರೆ ಎಲ್ಲ ಮತ್ತೆ ಮೊದಲಿಂದ. ನನಗೆ ಮನಸ್ಸು ಹತ್ತಲಿಲ್ಲ, ಅಲ್ಲಿಗೇ ಬಿಟ್ಟೆ.

ಇದನ್ನೆಲ್ಲ ತೊಟ್ಟುಕೊಳ್ಳುವುದೂ ಒಂದು ಕೆಲಸವೇ. ತೋಳು ಬೇರೆ, ಅದನ್ನು ಭುಜಕ್ಕೆ ಲಾಡಿಯಲ್ಲಿ ಕಟ್ಟಬೇಕು, ಇಲ್ಲವೇ ಹಿತ್ತಾಳೆಯ ಗುಂಡುಸೂಜಿಯಲ್ಲಿ ಚುಚ್ಚಬೇಕು. ಎದೆಯ ಮೇಲೆ ಹೊದೆಯುವ ಪಾರ್ಟ್‌ಲೆಟ್ ಅನ್ನೂ ಹಾಗೇ. ಗುಂಡಿಗಿಂತ ಗುಂಡುಸೂಜಿಯೇ ಜಾಸ್ತಿ. ಸೀರೆ ಉಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೂಜಿ ಎಲ್ಲಿ ಕೂರಬೇಕು ಅಂತ ಕೈಗೇ ಗೊತ್ತಿರುತ್ತದೆ.

ಬಿಚ್ಚುವ ಹೊಲಿಗೆಯ ಮಾತು ನನ್ನ ಮನಸ್ಸಿನಲ್ಲಿ ಪೂರ್ತಿ ನಿಂತದ್ದು 2019ರ ಕೊನೆಯಲ್ಲಿ, ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ. ಬ್ಯಾಕ್‌ಟನ್ ಬಲಿಪೀಠದ ಹೊದಿಕೆಯನ್ನು ಅಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಹೆರಿಫರ್ಡ್‌ಶೈರ್‌ನ ಬ್ಯಾಕ್‌ಟನ್ ಅನ್ನುವ ಪುಟ್ಟ ಹಳ್ಳಿ. ಅದರ ಚರ್ಚಿನ ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಅದು ನೂರು ವರ್ಷಕ್ಕೂ ಹೆಚ್ಚು ಕಾಲ ನೇತಾಡುತ್ತಿತ್ತು. ಬೆಳ್ಳಿಯ ಎಳೆ ಸೇರಿಸಿ ನೇಯ್ದ ಕೆನೆ ಬಣ್ಣದ ರೇಷ್ಮೆ. ಅದರ ತುಂಬ ಹೂ, ಚಿಟ್ಟೆ, ಪುಟ್ಟ ಪುಟ್ಟ ಪ್ರಾಣಿಗಳ ಕಸೂತಿ. ಅದು ಎಲಿಜಬೆತ್ ರಾಣಿಯ ಉಡುಪಿನಿಂದಲೇ ಬಂದಿರಬೇಕು ಅನ್ನುವುದು ಪರಿಣತರ ಅಭಿಪ್ರಾಯ. ರಾಣಿಯ ಜೊತೆ ಬದುಕನ್ನೇ ಕಳೆದ ಬ್ಲಾಂಚ್ ಪ್ಯಾರಿ ಆ ಊರಿನವರು. ರಾಣಿ ತನ್ನ ಉಡುಪುಗಳನ್ನು ಹತ್ತಿರದ ಹೆಂಗಸರಿಗೆ ಕೊಡುತ್ತಿದ್ದದ್ದು ಗೊತ್ತೇ ಇದೆ.

ನಾನು ಕಸೂತಿಯನ್ನು ನೋಡಿದ್ದಕ್ಕಿಂತ ಜಾಸ್ತಿ ಜೋಡಣೆಗಳನ್ನು ನೋಡಿದೆ. ಉಡುಪಿನ ತುಂಡುಗಳನ್ನು ಬಿಚ್ಚಿ, ಕತ್ತರಿಸಿ, ಹೊಂದಿಸಿ ಮತ್ತೆ ಸೇರಿಸಿದ್ದಾರೆ. ಯಾರೋ ಒಬ್ಬರು ರಾಣಿಯ ಉಡುಪನ್ನು ಮಡಿಲಲ್ಲಿ ಇಟ್ಟುಕೊಂಡು, ಮೊದಲ ಟೈಲರ್ ಹಾಕಿದ ದಾರವನ್ನು ಕಿತ್ತು ತೆಗೆದಿದ್ದಾರೆ. ಬಟ್ಟೆ ಹರಿಯದೆ ಬಂದಿದೆ. ಅದಕ್ಕೇ ಅದು ಇವತ್ತಿನವರೆಗೂ ಇದೆ. ಗೌನಾಗಿಯೇ ಇದ್ದಿದ್ದರೆ ಏನಾಗುತ್ತಿತ್ತೋ. ಎಲಿಜಬೆತ್‌ಳ ಸಾವಿರಾರು ಉಡುಪುಗಳಲ್ಲಿ ಇಡಿಯಾಗಿ ಒಂದೂ ಉಳಿದಿಲ್ಲ. ಅವತ್ತು ಅಲ್ಲಿಂದ ಬಂದ ಮೇಲೆಯೇ ಕರ್ಟಲ್‌ಗೆ ಬಟ್ಟೆ ಹುಡುಕಲು ಶುರು ಮಾಡಿದ್ದು.

ಈಗ ನನ್ನ ಊಟದ ಮೇಜಿನ ಮೇಲೆ ಕರ್ಟಲ್‌ನ ತುಂಡುಗಳು ಹರಡಿಕೊಂಡಿವೆ. ಇಸ್ತ್ರಿ ಮಾಡಿದೆ. ಹಳೆಯ ಹೊಲಿಗೆಯ ತೂತುಗಳು ಹಬೆಗೆ ಬಹುಪಾಲು ಮುಚ್ಚಿಕೊಂಡವು. ಉಣ್ಣೆಯ ಗುಣ ಅದು. ಹೊರಮೈ ಬಿಸಿಲಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಜೋಡಣೆಯ ಒಳಗಿದ್ದ ಎರಡು ಬೆರಳು ಮಾತ್ರ ಅಂಗಡಿಯಿಂದ ತಂದ ದಿನದ ಹಾಗೇ ಕೆಂಪಗಿದೆ. ಮಗಳು ಅದನ್ನು ಬೆರಳಲ್ಲಿ ಸವರಿ, "ಇದೇ ಬಣ್ಣ ಹೊರಗೆ ಬರಲಿ ಅಮ್ಮಾ" ಅಂದಳು. ಹಾಗಾಗಿ ಬಟ್ಟೆಯನ್ನು ತಿರುವಿ ಹಾಕುತ್ತಿದ್ದೇನೆ. ಒಳಮೈ ಹೊರಗೆ. ಭುಜ ಸ್ವಲ್ಪ ಕಿರಿದು ಮಾಡಬೇಕು. ಅವಳು ನನಗಿಂತ ಒಂದು ಇಂಚು ಎತ್ತರ. ಕೆಳಗಿನ ಅಂಚೂ ಸವೆದಿದೆ. ಅಲ್ಲಿಗೆ ಕಪ್ಪು ಉಣ್ಣೆಯ ಪಟ್ಟಿ ಹಚ್ಚುತ್ತೇನೆ. ಅವರೂ ಹಾಗೇ ಮಾಡುತ್ತಿದ್ದರು, ಚಂದಕ್ಕೂ ಆಯಿತು, ಅಂಚಿಗೆ ಕಾವಲೂ ಆಯಿತು.

ಪಟ್ಟಿಯನ್ನು ಅವಳೇ ಹಚ್ಚುತ್ತಾಳಂತೆ. ನಿನ್ನೆ ರಾತ್ರಿ ದಾರಕ್ಕೆ ಮೇಣ ಎಳೆದು ಕೊಟ್ಟೆ. ಮೊದಲ ಗೇಣು ಮುಗಿಸಿ ತೋರಿಸಿದಳು. ಹೊಲಿಗೆ ಪುಟ್ಟ ಪುಟ್ಟದಾಗಿತ್ತು, ಒತ್ತೊತ್ತಾಗಿತ್ತು. ತುಂಬ ಚೆನ್ನಾಗಿತ್ತು.

"ಇನ್ನೂ ಸ್ವಲ್ಪ ದೂರ ದೂರ ಹಾಕು ಪುಟ್ಟಾ" ಅಂದೆ.